ಮಾಸ್ತರೇ, ಮೈಕಿನ ಮಾತು ಒಪ್ಪಿದೆ, ಉಳಿದದ್ದಕ್ಕೆ ತಕರಾರಿದೆ

ಕುಮಟಾದ ನಿವೃತ್ತ ಮಾಸ್ತರರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಕಳೆದ ತಿಂಗಳು ಶಿರಸಿಯಲ್ಲಿ ಭರತನಾಟ್ಯ ಕಲಾವಿದೆಯೊಬ್ಬರು ಒಂದು ಗಂಟೆ ತಮ್ಮದೇ ಬದುಕಿನ ಕತೆ ಹೇಳಿ ಕುಣಿದರಲ್ಲ, ಅದರ ಬಗ್ಗೆ. "ಮಾಮೂಲಿ ನೃತ್ಯ ಒಂದೂ ಇಲ್ಲ, ಪುಷ್ಪಾಂಜಲಿ ಇಲ್ಲ, ವರ್ಣ ಇಲ್ಲ, ತಿಲ್ಲಾನ ಇಲ್ಲ. ಕುಣಿದದ್ದಕ್ಕಿಂತ ಮೈಕು ಹಿಡಿದು ಮಾತಾಡಿದ್ದೇ ಜಾಸ್ತಿ, ಮಂಡಿ ಆಪರೇಷನ್ನಿನ ಕತೆ, ಅಜ್ಜಿ ಕತೆ. ಮನೆ ಗೋಳನ್ನು ಡೈರಿಯಲ್ಲಿ ಬರೆದುಕೊಳ್ಳಲಿ, ರಂಗಕ್ಕೆ ಯಾಕೆ ತರಬೇಕು? ಇದೆಲ್ಲ ಪರದೇಶದಿಂದ ಬಂದ ಚಾಳಿ" ಎನ್ನುವುದು ಪತ್ರದ ಸಾರ.

ಮಾಸ್ತರೇ, ಅವತ್ತು ನಾನೂ ಅಲ್ಲೇ ಇದ್ದೆ. ಮೂರನೇ ಸಾಲು, ಫ್ಯಾನಿನ ಕೆಳಗೆ. ನೀವು ನಡುವೆ ಎದ್ದು ಚಾ ಕುಡಿಯಲು ಹೋದೆ ಎಂದು ಬರೆದಿದ್ದೀರಿ. ಕಷ್ಟ ಏನೆಂದರೆ, ಆ ಸಂಜೆಯ ಒಳ್ಳೆಯ ಭಾಗ ಬಂದದ್ದೇ ನೀವು ಚಾ ಕುಡಿಯುವ ಹೊತ್ತಿಗೆ.

ಕಲಾವಿದೆ ಮೈಕು ಕೆಳಗಿಟ್ಟರು. ಒಂದು ಮಣೆ ಎಳೆದುಕೊಂಡು, ಕಾಲು ಚಾಚಿ ಕೂತರು. ಎದುರಿಗೆ ಕತ್ತಿ ಇಲ್ಲ, ಅಡಿಕೆಯೂ ಇಲ್ಲ, ಆದರೆ ಕೈ ಸುಲಿಯಲು ಶುರು ಮಾಡಿತು. ಕಾಯಿ ಎತ್ತುವುದು, ಕತ್ತಿಗೆ ಒತ್ತುವುದು, ಸಿಪ್ಪೆ ಒಂದು ಕಡೆ, ಅಡಿಕೆ ಇನ್ನೊಂದು ಕಡೆ. ಶಿರಸಿಯ ಸಭೆ ಅಲ್ವಾ, ಅರ್ಧ ಜನರ ಕೈ ಆ ಕೆಲಸ ಮಾಡಿ ಗೊತ್ತಿದ್ದದ್ದು, ಒಬ್ಬರೂ ಕೆಮ್ಮಲಿಲ್ಲ. ಆಮೇಲೆ ಮೃದಂಗ ಮೆಲ್ಲಗೆ ಸೇರಿಕೊಂಡಿತು, ಅದೇ ಕೈ ನಿಧಾನಕ್ಕೆ ಪತಾಕ ಹಸ್ತ ಎನ್ನುವ ಮುದ್ರೆ ಆಯಿತು. ಪತಾಕದಲ್ಲಿ ಹೆಬ್ಬೆರಳು ಮಡಚಬೇಕು. ಅವರು ಮಡಚಲಿಲ್ಲ. ನನಗೆ ಮೊದಲು ತಪ್ಪು ಅನ್ನಿಸಿತು. ಆಮೇಲೆ ಹೊಳೆಯಿತು, ಅದು ಅಜ್ಜಿಯ ಹೆಬ್ಬೆರಳು, ಕತ್ತಿ ತಾಗಿ ಬಟ್ಟೆ ಸುತ್ತಿದ್ದು, ಮಡಚಲು ಬರುವುದಿಲ್ಲ. ಕೊನೆವರೆಗೂ ಆ ಬೆರಳು ಹಾಗೇ ನಿಂತಿತ್ತು. ಇದನ್ನು ಡೈರಿಯಲ್ಲಿ ಹೇಗೆ ಬರೆಯುತ್ತೀರಿ, ಹೇಳಿ.

ಆದರೆ ಮೈಕಿನ ವಿಷಯಕ್ಕೆ ನಿಮ್ಮ ಮಾತು ಸರಿ. ಆಸ್ಪತ್ರೆಯ ಕತೆ ಜಾಸ್ತಿ ಆಯಿತು. ಡಾಕ್ಟರು ಏನಂದರು, ತಾನೇನಂದೆ, ಎಕ್ಸ್‌ರೇಯಲ್ಲಿ ಏನು ಕಂಡಿತು. ಇನ್ನು ಮಂಡಿ ಬಗ್ಗಿಸಿ ಅರೆಮಂಡಿ ಕೂರುವಂತಿಲ್ಲ ಎನ್ನುವುದನ್ನು ಮೂರು ಸಲ ಹೇಳಿದರು. ಒಂದೇ ಒಂದು ಜತಿಯನ್ನು, ಅಂದರೆ ಹೆಜ್ಜೆಗಳ ಒಂದು ಕಟ್ಟನ್ನು, ನೆಟ್ಟಗೆ ನಿಂತೇ ಮಾಡಿ ತೋರಿಸಿದ್ದರೆ ನಮಗೇ ಗೊತ್ತಾಗುತ್ತಿತ್ತು.

ಪರದೇಶದ ಚಾಳಿ ಅಂದಿರಲ್ಲ, ಅದು ಅರ್ಧ ನಿಜ. ಜರ್ಮನಿಯ ಪೀನಾ ಬಾಶ್ ತನ್ನ ನರ್ತಕರಿಗೆ ಪ್ರಶ್ನೆ ಕೇಳಿ ಕೇಳಿ, ಅವರ ನೆನಪುಗಳಿಂದಲೇ ನೃತ್ಯ ಕಟ್ಟುತ್ತಿದ್ದರು. 1978ರ ಒಂದು ಪ್ರಯೋಗವನ್ನು 2000ದಲ್ಲಿ 65 ದಾಟಿದ ಸಾಮಾನ್ಯ ಜನರಿಂದಲೇ ಮತ್ತೆ ಮಾಡಿಸಿದರು. ನನಗೆ ಜಾಸ್ತಿ ಹಿಡಿಸಿದ್ದು 2004ರ ಪ್ಯಾರಿಸ್ ಪ್ರಯೋಗ. ಅಲ್ಲಿನ ದೊಡ್ಡ ಬ್ಯಾಲೆ ಕಂಪನಿಯ ವೆರೋನಿಕ್ ದುವಾನೋ ಎನ್ನುವವರು, ಗುಂಪಿನಲ್ಲಿ ಕುಣಿದೇ ವಯಸ್ಸು ಕಳೆದವರು, ಒಬ್ಬರೇ ರಂಗಕ್ಕೆ ಬಂದು 'ನನಗೆ 42, ಇನ್ನು ಎಂಟು ದಿನಕ್ಕೆ ನಿವೃತ್ತಿ' ಅನ್ನುತ್ತಾರೆ. ಪ್ರಯೋಗ ಕಟ್ಟಿದ್ದು ಜೆರೋಮ್ ಬೆಲ್. 'ಸ್ವಾನ್ ಲೇಕ್' ಬ್ಯಾಲೆಯಲ್ಲಿ 32 ಜನರ ಗುಂಪು ಕುಣಿಯುವ ಒಂದು ದೃಶ್ಯ ಇದೆ, ಅದರಲ್ಲಿ ತನ್ನ ಪಾಲಿನದನ್ನು ಮಾತ್ರ ಮಾಡಿ ತೋರಿಸುತ್ತಾರೆ. ಆ ಪಾಲು ಹೆಚ್ಚಾಗಿ ಏನು ಗೊತ್ತಾ? ಅಲ್ಲಾಡದೆ ನಿಲ್ಲುವುದು. ನಾಯಕಿ ಚೆಂದ ಕಾಣಲಿ ಎಂದು ಹಿಂದೆ ಗೊಂಬೆಯ ಹಾಗೆ ನಿಲ್ಲುವುದು. ಅಲ್ಲೂ ಮಾತಿದೆ, ಆದರೆ ಕತೆ ಹೇಳುವುದು ಆ ನಿಲ್ಲುವಿಕೆ.

ಇನ್ನರ್ಧಕ್ಕೆ ನಮ್ಮ ಆಟಕ್ಕೇ ಬನ್ನಿ. ಯಕ್ಷಗಾನದಲ್ಲಿ ಪದ್ಯ ಕವಿಯದ್ದು, ಹಾಡುವವರು ಭಾಗವತರು, ಅರ್ಥ, ಅಂದರೆ ಆಡುವ ಮಾತು, ಮಾತ್ರ ವೇಷಧಾರಿಯದ್ದು, ಅಲ್ಲೇ ನಿಂತು ಆಡುವುದು. ಅವನ ಬದುಕು ಅದರೊಳಗೆ ಬರುವುದಿಲ್ಲ ಅಂತೀರಾ? ಹಿಂದೊಮ್ಮೆ ಹೊನ್ನಾವರದ ಕಡೆ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಜಾಗದಲ್ಲಿ, ಸ್ತ್ರೀವೇಷದ ಹಿರಿಯರೊಬ್ಬರು ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆಯುತ್ತಿದ್ದರು. ದಮಯಂತಿ ಸೆರಗಿಗೆ ಕೈ ಒರೆಸಿಕೊಂಡ ರೀತಿ ಚೆನ್ನಾಗಿತ್ತು ಎಂದೆ. "ಅದು ದಮಯಂತಿಯಲ್ಲ, ನಮ್ಮ ಆಯಿ" ಅಂದರು. ಇನ್ನು ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂದಾಗ ಎಂಬತ್ತರ ಹತ್ತಿರ ವಯಸ್ಸು. ಆಮೇಲೂ ಗೆಜ್ಜೆ ಕಟ್ಟಿದರು. ಆ ವಯಸ್ಸಿನ ಭಸ್ಮಾಸುರ ಕುಣಿಯುವಾಗ ನೀವು ನೋಡಿದ್ದು ಬರೀ ಭಸ್ಮಾಸುರನನ್ನಾ, ಆ ಕಾಲನ್ನಾ?

ವೇಷದ ಮರೆ ಇದ್ದರೆ ಒಪ್ಪುತ್ತೇವೆ, ಮರೆ ತೆಗೆದರೆ ಗೋಳು ಅನ್ನುತ್ತೇವೆ, ಅಷ್ಟೇ ವ್ಯತ್ಯಾಸ.

ನನ್ನ ಕಸಿವಿಸಿ ಬೇರೆಯದು, ನೀವು ಅದನ್ನು ಎತ್ತಲಿಲ್ಲ. ಶಿರಸಿಯಲ್ಲಿ ಮೊದಲ ಸಾಲಿನಲ್ಲಿ ಆ ಕಲಾವಿದೆಯ ತಾಯಿ ಕೂತಿದ್ದರು. ಗಂಡ ಹೋದ ಮೇಲೆ ಅವರು ಪಟ್ಟ ಪಾಡನ್ನು ಮಗಳು ರಂಗದ ಮೇಲಿಂದ ಹೇಳುವಾಗ ಅವರು ಒಂದೇ ಸಮನೆ ಕೈಚೀಲದ ಜಿಪ್ ಎಳೆದು ಬಿಡುತ್ತಿದ್ದರು. ಕತೆ ಮಗಳದ್ದು ಹೌದು, ಆದರೆ ಅರ್ಧ ತಾಯಿಯದ್ದೂ ಅಲ್ವಾ? ಮೊದಲೇ ಕೇಳಿ ಒಪ್ಪಿಸಿದ್ದರೋ ಏನೋ. ಕಾರ್ಯಕ್ರಮ ಮುಗಿದ ಮೇಲೆ ಕೇಳಬೇಕು ಅಂದುಕೊಂಡೆ, ಸುಮ್ನೆ ಬಂದುಬಿಟ್ಟೆ.

ಪತ್ರದ ಕೊನೆಗೆ ಸಣ್ಣ ಅಕ್ಷರದಲ್ಲಿ "ಒಳಗಿದ್ದ ನಮ್ಮ ಮನೆಯವಳು ಕಣ್ಣೊರೆಸಿಕೊಂಡು ಹೊರಗೆ ಬಂದಳು, ಅವಳಿಗೆ ಧಾರಾವಾಹಿ ನೋಡಿದರೂ ಅಳು ಬರುತ್ತದೆ" ಎಂದು ಬರೆದಿದ್ದೀರಿ. ಆಸ್ಪತ್ರೆಯ ಮಾತಿಗೆ ಅತ್ತರೋ, ಮಡಚದ ಆ ಹೆಬ್ಬೆರಳಿಗೋ? ಕೇಳಿ ತಿಳಿಸಿ. ಅಥವಾ ಅವರೇ ಬರೆಯಲಿ, ಒಂದು ಕಾರ್ಡು ಸಾಕು.