ಕಣ್ಣಿಗೆ ಕನ್ನಡ, ಕಿವಿಗೆ ಪೌಂಡು

ಪ್ರಶ್ನೆ: ನಮ್ಮ ಪತ್ತಿನ ಸಹಕಾರ ಸಂಘದ ಜಾಲತಾಣ ಪೂರ್ತಿ ಕನ್ನಡದಲ್ಲಿದೆ. ಆದರೂ ದೃಷ್ಟಿಯಿಲ್ಲದ ಸದಸ್ಯರೊಬ್ಬರು, ‘ಎನ್‌ವಿಡಿಎ (ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದುವ ತಂತ್ರಾಂಶ) ಹಾಕಿದರೆ ಏನೇನೋ ಓದುತ್ತದೆ’ ಎನ್ನುತ್ತಾರೆ. ತಪ್ಪು ಅವರ ಕಂಪ್ಯೂಟರಿನದೋ, ನಮ್ಮದೋ?
– ಕಾರ್ಯದರ್ಶಿ, ತುಮಕೂರು ಜಿಲ್ಲೆ

ಉತ್ತರ: ಬಹುಶಃ ನಿಮ್ಮದೇ. ಪುಟದ ಒಂದು ಸಾಲನ್ನು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬಂದರೆ ಅದು ಹಳೆಯ ನುಡಿ ಫಾಂಟಿನ ಪಠ್ಯ. ‘ಕನ್ನಡ’ ಎಂಬ ಪದ ಅದರೊಳಗೆ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಎಸ್, ಕ್ಯೂ, ಇನ್ನೊಂದು ಎ ಎಂದು ಕೂತಿರುತ್ತದೆ. ಫಾಂಟು ಅದಕ್ಕೆ ಕನ್ನಡದ ವೇಷ ಹಾಕುತ್ತದೆ, ಅಷ್ಟೆ. ಎನ್‌ವಿಡಿಎ ಓದುವುದು ಒಳಗಿರುವುದನ್ನು.

ಪಠ್ಯವನ್ನು ಯೂನಿಕೋಡ್‌ಗೆ, ಎಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ವ್ಯವಸ್ಥೆಗೆ, ಬದಲಿಸಲೇಬೇಕು. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಆದರೆ ಪರಿವರ್ತಿಸಿದ್ದನ್ನು ಹಾಗೇ ಏರಿಸಬೇಡಿ. ನಡುವೆ ಇದ್ದ ಇಂಗ್ಲಿಷ್ ಪದ, ಇಮೇಲ್ ವಿಳಾಸಗಳನ್ನೂ ಪರಿವರ್ತಕ ಕನ್ನಡವೆಂದೇ ತಿಳಿದು ಕೆಡಿಸುತ್ತದೆ. ಅರ್ಕಾವತ್ತಿನ ಪದಗಳನ್ನು ಒಂದೊಂದಾಗಿ ನೋಡಿ: ಹಳೆ ಫಾಂಟಿನಲ್ಲಿ ಅದು ಅಕ್ಷರದ ನಂತರ ದಾಖಲಾಗಿರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ‘ಕಾರ್ಯದರ್ಶಿ’ ಸರಿಯಾಗಿದೆಯೇ ಎಂಬುದರಿಂದಲೇ ಶುರು ಮಾಡಬಹುದು!

ಇಷ್ಟಾದ ಮೇಲೂ ಓದು ತಡವರಿಸಿದರೆ ಪುಟದ ಭಾಷೆ ಯಾವುದೆಂದು ನಮೂದಾಗಿದೆ ನೋಡಿ. ಸಿದ್ಧ ವಿನ್ಯಾಸ ಕೊಂಡವರಲ್ಲಿ ಅದು ಇಂಗ್ಲಿಷ್ ಎಂದೇ ಉಳಿದಿರುತ್ತದೆ. ಪುಟದ ಕೋಡಿನಲ್ಲಿ ಎಚ್‌ಟಿಎಂಎಲ್ ಟ್ಯಾಗಿನ ಲ್ಯಾಂಗ್ (lang) ಗುಣಕ್ಕೆ ಕೆ-ಎನ್ (kn) ಎಂಬ ಎರಡಕ್ಷರ ಹಾಕಿ; ಕನ್ನಡದ ದನಿ ಆರಿಸಿಕೊಳ್ಳಲು ತಂತ್ರಾಂಶಕ್ಕೆ ಸುಳಿವು ಸಿಗುವುದು ಅಲ್ಲಿಂದ. ಎನ್‌ವಿಡಿಎ ಉಚಿತ, ಅದರ ಜೊತೆಗೆ ಬರುವ ಇ-ಸ್ಪೀಕ್ ಎಂಬ ದನಿ ತಂತ್ರಾಂಶದಲ್ಲಿ ಕನ್ನಡವೂ ಇದೆ. ನಿಮ್ಮ ಕಚೇರಿಯಲ್ಲೇ ಹಾಕಿ ಕೇಳಿ.

ಸ್ಕ್ಯಾನ್ ಮಾಡಿ ಏರಿಸಿದ ಮಹಾಸಭೆಯ ನೋಟಿಸು ಬರೀ ಚಿತ್ರ. ಅದೇ ವಿಷಯವನ್ನು ಪುಟದಲ್ಲಿ ಟೈಪ್ ಮಾಡಿ ಹಾಕಿ.

ಪ್ರಶ್ನೆ: ಆನ್‌ಲೈನ್ ಅರ್ಜಿ ತುಂಬುವಾಗ ಜನ ಅರ್ಧಕ್ಕೇ ಸಿಕ್ಕಿಕೊಳ್ಳುತ್ತಾರೆ. ಏನು ನೋಡಬೇಕು?

ಉತ್ತರ: ಮೌಸ್ ತೆಗೆದಿಡಿ. ಟ್ಯಾಬ್, ಶಿಫ್ಟ್-ಟ್ಯಾಬ್, ಎಂಟರ್, ಸ್ಪೇಸ್, ಬಾಣದ ಕೀಲಿಗಳು – ಟೈಪ್ ಮಾಡುವುದು ಬಿಟ್ಟರೆ ಇಷ್ಟರಲ್ಲೇ ಅರ್ಜಿ ಮುಗಿಯಬೇಕು. ಈಗ ಯಾವ ಖಾನೆಯಲ್ಲಿದ್ದೀರಿ ಎಂದು ತೋರಿಸುವ ಚೌಕಟ್ಟನ್ನು ‘ಅಂದಗೆಡುತ್ತದೆ’ ಎಂದು ವಿನ್ಯಾಸಕಾರರು ತೆಗೆದಿರುತ್ತಾರೆ, ವಾಪಸ್ ಹಾಕಿಸಿ. ಖಾನೆಯೊಳಗೆ ತಿಳಿ ಬಣ್ಣದಲ್ಲಿ ‘ಹೆಸರು’ ಎಂದು ಬರೆದರೆ ಸಾಲದು, ಟೈಪ್ ಮಾಡತೊಡಗಿದ ಕೂಡಲೇ ಅದು ಮಾಯ. ಹೊರಗೆ ಲೇಬಲ್ ಇಟ್ಟು, ಕೋಡಿನಲ್ಲಿ ಅದರ ‘ಫಾರ್’ ಮೌಲ್ಯವೂ ಖಾನೆಯ ‘ಐಡಿ’ಯೂ ಒಂದೇ ಇರುವಂತೆ ಮಾಡಿ. ತಪ್ಪಾದಾಗ ಖಾನೆಯನ್ನು ಕೆಂಪಗೆ ಮಾಡಿ ಬಿಡಬೇಡಿ, ‘ಪಿನ್‌ಕೋಡ್‌ನಲ್ಲಿ 6 ಅಂಕಿ ಇರಬೇಕು’ ಎಂದು ಬರೆಯಿರಿ. ಜನ್ಮದಿನಾಂಕವನ್ನು ಕ್ಯಾಲೆಂಡರಿನಲ್ಲಿ ಒತ್ತಿಯೇ ಆರಿಸಬೇಕೆಂಬ ಹಟವೂ ಬೇಡ, ಟೈಪ್ ಮಾಡಲು ಬಿಡಿ.

ಪ್ರಶ್ನೆ: ಜಾಲತಾಣವನ್ನು ಹೀಗೆ ಅಂಗವಿಕಲರೂ ಬಳಸುವಂತೆ ಮಾಡುವುದು ಖಾಸಗಿ ಸಂಸ್ಥೆಗಳಿಗೂ ಕಡ್ಡಾಯವೇ?

ಉತ್ತರ: ಹೌದು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 46ನೇ ಸೆಕ್ಷನ್ ಸರ್ಕಾರಿ, ಖಾಸಗಿ ಎರಡೂ ಬಗೆಯ ಸೇವಾದಾತರಿಗೆ ಅನ್ವಯಿಸುತ್ತದೆ. ಡಿಜಿಟಲ್ ಸೇವೆ ಪಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿದೆ.

ಪ್ರಶ್ನೆ: ರಾಜ್ಯೋತ್ಸವಕ್ಕೆ ಪುಟವನ್ನು ಹಳದಿ-ಕೆಂಪು ಮಾಡಿದ್ದೇವೆ. ಓದಲು ಕಷ್ಟ ಎನ್ನುತ್ತಾರೆ.

ಉತ್ತರ: ಅಚ್ಚ ಹಳದಿಯ ಮೇಲೆ ಅಚ್ಚ ಕೆಂಪಿನ ಹೊಳಪಿನ ವ್ಯತ್ಯಾಸ 3.7:1. ಅಂತರರಾಷ್ಟ್ರೀಯ ಮಾನದಂಡ ಸಾಮಾನ್ಯ ಗಾತ್ರದ ಅಕ್ಷರಕ್ಕೆ 4.5:1, ದೊಡ್ಡ ಶೀರ್ಷಿಕೆಗೆ 3:1 ಕೇಳುತ್ತದೆ. ಶೀರ್ಷಿಕೆ ಹಾಗೇ ಇರಲಿ. ಬಣ್ಣದ ಕೋಡಿನಲ್ಲಿ ಪಠ್ಯದ ಕೆಂಪಿನ ಅಂಕಿಯನ್ನು 255ರಿಂದ 176ಕ್ಕೆ ಇಳಿಸಿದರೆ ವ್ಯತ್ಯಾಸ 6.8:1 ದಾಟುತ್ತದೆ, ಬಾವುಟದ ಬಣ್ಣವೂ ಉಳಿಯುತ್ತದೆ. ಪುಟವನ್ನು 200 ಪ್ರತಿಶತ ಹಿಗ್ಗಿಸಿಯೂ ನೋಡಿ. ಎತ್ತರ ನಿಗದಿಪಡಿಸಿದ ಪೆಟ್ಟಿಗೆಗಳಲ್ಲಿ ಮೊದಲು ಕತ್ತರಿಸಿಹೋಗುವುದು ಕೆಳಗಿನ ಒತ್ತಕ್ಷರ. ಸಾಲಿನ ಎತ್ತರ ಅಕ್ಷರದ ಒಂದೂವರೆ ಪಟ್ಟಾದರೂ ಇರಲಿ; ಪೆಟ್ಟಿಗೆಯ ಎತ್ತರವನ್ನು ಪಿಕ್ಸೆಲ್‌ನಲ್ಲಿ ಕಟ್ಟಿಹಾಕಬೇಡಿ.