ಬೀಟಲ್ಸ್ ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೀನ್ ನಿಜಕ್ಕೂ ಮಾಡಿದ್ದೇನು?
ಲಿವರ್‌ಪೂಲ್‌ನಲ್ಲಿ ಮನೆತನದ ರೆಕಾರ್ಡ್ ಅಂಗಡಿ ನೋಡಿಕೊಳ್ಳುತ್ತಿದ್ದ ಎಪ್‌ಸ್ಟೀನ್, 1961ರ ನವೆಂಬರ್‌ನಲ್ಲಿ ಕ್ಯಾವರ್ನ್ ಕ್ಲಬ್‌ನ ನೆಲಮಾಳಿಗೆಗೆ ಇಳಿದು ಬೀಟಲ್ಸ್ ರಾಕ್ ತಂಡ ಹಾಡುವುದನ್ನು ಕಂಡರು. ಮರುವರ್ಷ ಜನವರಿಯಲ್ಲಿ ಮ್ಯಾನೇಜರ್ ಆಗುವ ಒಪ್ಪಂದ ಆಯಿತು. ಚರ್ಮದ ಜಾಕೆಟ್ ಬಿಡಿಸಿ ಸೂಟ್ ತೊಡಿಸಿದರು. ವೇದಿಕೆ ಮೇಲೆ ತಿನ್ನುವುದು, ಸಿಗರೇಟು ಸೇದುವುದು ನಿಲ್ಲಿಸಿ, ಕೊನೆಗೆ ಎಲ್ಲರೂ ಒಟ್ಟಿಗೆ ಬಾಗಿ ವಂದಿಸುವುದನ್ನು ರೂಢಿಸಿದರು. ಡೆಕ್ಕಾ ರೆಕಾರ್ಡ್ ಕಂಪನಿ ಬೇಡವೆಂದಾಗಲೂ ಪಟ್ಟುಬಿಡದೆ ತಂಡದ ಧ್ವನಿಮುದ್ರಣವನ್ನು ಪಾರ್ಲೋಫೋನ್ ಎಂಬ ಇನ್ನೊಂದು ರೆಕಾರ್ಡ್ ಸಂಸ್ಥೆಯ ನಿರ್ಮಾಪಕ ಜಾರ್ಜ್ ಮಾರ್ಟಿನ್‌ವರೆಗೆ ಮುಟ್ಟಿಸಿದರು. ನನ್ನ ಪ್ರಕಾರ ಅವರ ಅತಿ ದೊಡ್ಡ ಕೆಲಸ ಇದೇ. 1967ರಲ್ಲಿ, 32ನೇ ವಯಸ್ಸಿಗೇ ತೀರಿಕೊಂಡರು.

ಎಪ್‌ಸ್ಟೀನ್ ಎಡವಿದ್ದು ಸರಕಿನ ವ್ಯಾಪಾರದಲ್ಲಿ. ಬೀಟಲ್ಸ್ ಹೆಸರಿನ ವಿಗ್, ಗೊಂಬೆಗಳ ಪರವಾನಗಿ ಆದಾಯದಲ್ಲಿ ಶೇ. 90ರಷ್ಟನ್ನು ಸೆಲ್ಟೇಬ್ ಎಂಬ ಕಂಪನಿಗೆ ಬಿಟ್ಟುಕೊಟ್ಟ ಒಪ್ಪಂದ ಅದು. ಆಮೇಲೆ ಚೌಕಾಸಿ ಮಾಡಿ ಪಾಲು ಹೆಚ್ಚಿಸಿಕೊಂಡರೂ ಕೋರ್ಟ್ ಜಗಳ ತಪ್ಪಲಿಲ್ಲ.