ಬಾಕಿ ಕೇಳುವ ಸಂದೇಶದಲ್ಲಿ ತಮಾಷೆಗೆ ಎಲ್ಲಿ ಜಾಗ?

ಓದುಗರ ಪತ್ರ: ಹುಬ್ಬಳ್ಳಿಯಲ್ಲಿ ಚಟ್ನಿಪುಡಿ, ಖಡಕ್ ರೊಟ್ಟಿ ತಯಾರಿಸಿ ಕಿರಾಣಿ ಅಂಗಡಿಗಳಿಗೆ ಉದ್ರಿ ಕೊಡುತ್ತೇನೆ. ಹಳೆಯ ಗಿರಾಕಿಯೊಬ್ಬರಿಗೆ ‘ಸಾವುಕಾರ್ರ, ನಮ್ಮ ಚಟ್ನಿಗಿಂತ ನಿಮ್ಮ ಬಾಕೀನ ಖಾರ ಆಗೇತಿ ನೋಡ್ರಿ’ ಎಂದು ವಾಟ್ಸ್‌ಆ್ಯಪ್ ಮಾಡಿದೆ. ಗಲ್ಲಾದ ಮೇಲಿದ್ದ ಫೋನನ್ನು ಅಂಗಡಿಯ ಹುಡುಗ ಜನರೆದುರೇ ಗಟ್ಟಿಯಾಗಿ ಓದಿದನಂತೆ. ಅವರೀಗ ಮಾಲು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದ್ದಾರೆ. ‘ಇಂದು ನಗದು, ನಾಳೆ ಉದ್ರಿ’ ಬೋರ್ಡಿಗೆ ನಗುವವರು ನನ್ನ ಮಾತಿಗೇಕೆ ಸಿಟ್ಟಾದರು? ತಮಾಷೆಯನ್ನೇ ಬಿಡಬೇಕೆ?

ಸಂಪಾದಕರ ಉತ್ತರ: ಬಿಡಬೇಕಿಲ್ಲ, ಜಾಗ ಬದಲಿಸಿ. ಆ ಬೋರ್ಡು ಯಾರ ಹೆಸರನ್ನೂ ಎತ್ತುವುದಿಲ್ಲ. ಸಾಲ ಹುಟ್ಟುವ ಮೊದಲೇ ಮಾತು ಮುಗಿಸಿಬಿಡುತ್ತದೆ. ನಿಮ್ಮ ಸಂದೇಶ ಹೋದದ್ದು ಒಬ್ಬರಿಗೆ, ಅದೂ ಬಾಕಿ ನಿಂತ ಮೇಲೆ. ನಗೆಯ ಮೊನೆ ಇದ್ದದ್ದು ‘ನಿಮ್ಮ ಬಾಕಿ’ ಎಂಬಲ್ಲೇ. ಹಣ ಹೊಂದಿಸಲು ಪರದಾಡುತ್ತಿರುವವರಿಗೆ ಅದು ನಾಲ್ಕು ಜನರ ಮುಂದೆ ಮರ್ಯಾದೆ ತೆಗೆದಂತೆ. ಅಮುಲ್ ಬೆಣ್ಣೆಯ ಜಾಹೀರಾತು ಫಲಕಗಳು 1966ರಿಂದ ನಗಿಸುತ್ತ ಬಂದಿವೆ. ಅಲ್ಲೂ ಚೇಷ್ಟೆ ನಡೆಯುವುದು ದಿನದ ಸುದ್ದಿಯ ಮೇಲೆ, ಬೆಣ್ಣೆ ಕೊಳ್ಳುವವರ ಮೇಲಲ್ಲ.

ಬಾಕಿ ಸಂದೇಶದಲ್ಲಿ ಬಿಲ್ ನಂಬರು, ಮೊತ್ತ, ಕೊನೆಯ ದಿನ ಮೊದಲ ಸಾಲಿನಲ್ಲೇ ಇರಲಿ. ಫೋನ್ ತೆರೆಯದೆ ಕಾಣಿಸುವುದು ಆರಂಭದ ಕೆಲವು ಪದಗಳಷ್ಟೇ. ಅಲ್ಲಿ ತಮಾಷೆ ಕೂತರೆ ಲೆಕ್ಕ ಅಡಗಿಹೋಗುತ್ತದೆ. ನಗೆಯ ಮಾತು ಕೊನೆಗೆ, ಒಂದೇ ಸಾಲು, ನಿಮ್ಮ ಮಾಲಿನ ಮೇಲೆಯೇ: ‘ಬಿಲ್ 214, ರೂ. 3,480, ಕೊನೆಯ ದಿನ 15ನೇ ತಾರೀಖು. ಈ ಸಲದ ಶೇಂಗಾ ಚಟ್ನಿ ರುಚಿ ಜಾಸ್ತಿ ಆಗೇತ್ರಿ, ಎರಡು ರೊಟ್ಟಿ ಹೆಚ್ಚಿಗಿ ಹೋದ್ರ ನಮ್ಮನ್ನ ಬೈಬ್ಯಾಡ್ರಿ.’ ಕೊನೆಯ ಸಾಲು ತೆಗೆದರೂ ಸಂದೇಶಕ್ಕೆ ಏನೂ ಕೊರತೆಯಾಗಬಾರದು. ಹುಡುಗ ಗಟ್ಟಿಯಾಗಿ ಓದಿದರೂ ಯಾರ ಮುಖವೂ ಸಣ್ಣದಾಗಬಾರದು. ಕಳಿಸುವ ಮುನ್ನ ಈ ಎರಡನ್ನೂ ನೋಡಿಕೊಳ್ಳಿ.

ಇದೂ ಗಡುವಿಗೆ ಮೂರು ದಿನ ಮುಂಚಿನ ಸಂದೇಶಕ್ಕೆ ಮಾತ್ರ. ಗಡುವಿನ ದಿನ ಬರೀ ಲೆಕ್ಕ ಕಳಿಸಿ. ವಾರ ದಾಟಿದರೆ ಫೋನ್ ಮಾಡಿ. ಅಷ್ಟರಲ್ಲಿ ನಿಮಗೂ ಬೇಸರ ಬಂದಿರುತ್ತದೆ, ಬೇಸರದಲ್ಲಿ ಬರೆದ ತಮಾಷೆ ಕುಟುಕದೇ ಇರುವುದಿಲ್ಲ. ಬಾಕಿ ಇನ್ನೂ ಹಳೆಯದಾದರೆ ನಿಮ್ಮ ಬರಹ ಮುಂದೊಂದು ದಿನ ದಾಖಲೆಯಾಗಬಹುದು. ನೀವು ತಯಾರಕರು, ಮಾಲು ಕೊಡುವ ಮೊದಲೇ ‘ಉದ್ಯಮ್’ ಎಂಬ ಸರ್ಕಾರಿ ನೋಂದಣಿ ಮಾಡಿಸಿದ್ದರೆ ಸಣ್ಣ ಉದ್ಯಮಗಳಿಗೆಂದೇ ಇರುವ 2006ರ ಎಂಎಸ್‌ಎಂಇ ಕಾಯ್ದೆಯ ರಕ್ಷಣೆ ಇದೆ. ಲಿಖಿತ ಒಪ್ಪಂದವಿದ್ದರೆ ಒಪ್ಪಿದ ದಿನದೊಳಗೆ, ಹೆಚ್ಚೆಂದರೆ 45 ದಿನದಲ್ಲಿ ಗಿರಾಕಿ ಹಣ ಕೊಡಬೇಕು; ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ. ಅದು ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದು. ಅಂಥ ಪತ್ರದಲ್ಲಿ ನಗೆ ಬೆರೆಸಿದರೆ, ‘ತಮಾಷೆಗೆ ಬರೆದಿದ್ದಾರೆ ಅಂದುಕೊಂಡೆ’ ಎನ್ನಲು ದಾರಿ ಬಿಟ್ಟಂತೆ.

ಎಲ್ಲ ಗಿರಾಕಿಗಳಿಗೂ ಒಟ್ಟಿಗೆ ಕಳಿಸುವ ಬಲ್ಕ್ ಎಸ್ಸೆಮ್ಮೆಸ್ಸಿಗಂತೂ ತಮಾಷೆ ಬೇಡವೇ ಬೇಡ. ಕನ್ನಡದಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 70 ಚಿಹ್ನೆ, ಇಂಗ್ಲಿಷಿನಲ್ಲಿ 160. ಕಾಗುಣಿತ, ಒತ್ತು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ‘ಚಟ್ನಿ’ ಒಂದಕ್ಕೇ ಐದು ಹೋಗುತ್ತದೆ. ನಗೆಯ ಸಾಲು ಸೇರಿದರೆ ಒಂದರ ಬದಲು ಎರಡು, ಮೂರು ಎಸ್ಸೆಮ್ಮೆಸ್ಸಿನ ದುಡ್ಡು. ಮೇಲಾಗಿ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್‌ನ ನಿಯಮದಂತೆ, ಡಿಎಲ್‌ಟಿ ಎಂಬ ಎಸ್ಸೆಮ್ಮೆಸ್ ನೋಂದಣಿ ವ್ಯವಸ್ಥೆಯಲ್ಲಿ ನೋಂದಾಯಿಸಿದ ಒಕ್ಕಣೆಯನ್ನೇ ಕಳಿಸಬೇಕು, ವಾರಕ್ಕೊಂದು ಹೊಸ ತಮಾಷೆಗೆ ವಾರಕ್ಕೊಂದು ನೋಂದಣಿಯಾದೀತು.

ಮುನಿಸಿಕೊಂಡ ಸಾವುಕಾರರಿಗೆ ಮತ್ತೊಂದು ಸಂದೇಶ ಕಳಿಸಬೇಡಿ. ಗಿರಾಕಿ ಕಡಿಮೆ ಇರುವ ಮಧ್ಯಾಹ್ನದ ಹೊತ್ತು ಅಂಗಡಿಗೆ ಹೋಗಿ, ‘ನಾನು ಹಾಂಗ ಬರೀಬಾರದಿತ್ತು, ತಪ್ಪಾತ್ರಿ’ ಎನ್ನಿ. ‘ತಮಾಷೆಗಂದೆ’ ಎಂದು ಸೇರಿಸಬೇಡಿ. ಅದು ಅವರಿಗೇ ನಗಲು ಬರುವುದಿಲ್ಲ ಎಂದಂತಾಗುತ್ತದೆ. ಅವತ್ತು ಬಾಕಿಯ ಮಾತು ಎತ್ತದೆ ಬನ್ನಿ. ಅದನ್ನು ಮುಂದಿನ ವಾರ ಫೋನಿನಲ್ಲಿ ಕೇಳಿ, ಒಟ್ಟಿಗೆ ಆಗದಿದ್ದರೆ ಎರಡು ಕಂತು ಮಾಡಿಕೊಡಿ.